ಮುಂದಿನ ಸಾಲಿನ ಡಬ್ಬಿ

ಕಪಾಟಿನ ಮೇಲಿನ ಹಲಗೆಯಲ್ಲಿ, ಹಿಂದಿನ ಸಾಲಿನಲ್ಲಿ, ಒಂದು ಡಬ್ಬಿಯ ಜಾಗ ಖಾಲಿಯಿತ್ತು.

ಪ್ರಭಾವತಿ ಕೈಯಾಡಿಸಿ ಇನ್ನೊಮ್ಮೆ ನೋಡಿದರು. ಕಣ್ಣು ಮಂಜಾದಂದಿನಿಂದ ಅವರು ಬೆರಳನ್ನೇ ಹೆಚ್ಚು ನಂಬುತ್ತಿದ್ದರು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ನವನಗರದ ಈ ಮನೆಯಲ್ಲಿ ಅವರು ಕೂಡಿಟ್ಟದ್ದು ಬೀಜಗಳನ್ನು ಮಾತ್ರ. ಕಪಾಟಿನ ಕೀಲಿಯನ್ನು ಈ ವಾರ ಒಬ್ಬರಿಗೆ ಒಪ್ಪಿಸಬೇಕಿತ್ತು — ತಂಗಿಯ ಮಗ ಆಶಿಷನಿಗೋ, ಹಳೆಯ ವಿದ್ಯಾರ್ಥಿನಿ ಮಯೂರಿಗೋ. ಮನಸ್ಸು ಆಶಿಷನ ಕಡೆಗೇ ವಾಲಿತ್ತು. ಅಷ್ಟರಲ್ಲಿ ಇದು.

ಪಕ್ಕದ ಮನೆಯ ನಿವೃತ್ತ ಪೊಲೀಸ್ ಫೌಜದಾರ ಫಕ್ರುಸಾಬರು ಬಂದು ಕೂತರು. ಆಶಿಷ್, ಮಯೂರಿ ಕಪಾಟಿನ ಪಕ್ಕದಲ್ಲೇ ನಿಂತಿದ್ದರು.

"ನಿನ್ನೆ ಯಾರ್ಯಾರು ಇದ್ರು, ಅಕ್ಕೋರ?"

"ಹೊರಗಿನವರು ಯಾರೂ ಇಲ್ಲ. ಆಶಿಷ್, ಮಯೂರಿ, ಅಡಗಿ ಮಾಡೂ ಯಂಕವ್ವ. ಚಾ ಕುಡಿಯುವಾಗ ನಾನ ಬಾಯಿಬಿಟ್ಟೆ — ಇದರಾಗ ಒಂದ ಡಬ್ಬಿ ಐತಿ, ಅದು ಹೋದರ ಆ ತಳಿ ಮತ್ತೆಲ್ಲೂ ಸಿಗಂಗಿಲ್ಲ ಅಂತ. ಯಾವುದು ಅನ್ನೂದು ಕೀಲಿ ಕೊಡುವಾಗ ಹೇಳತೇನಿ ಅಂದೆ."

"ಕೀಲಿ ಎಲ್ಲಿರತೈತಿ?"

"ಅಡಗಿಮನಿ ಗೂಟಕ್ಕ."

"ಅಡಗಿಮನ್ಯಾಗ ಇರಾಕಿ ಯಂಕವ್ವ," ಎಂದ ಆಶಿಷ್. "ಇಷ್ಟ್ಯಾಕ ವಿಚಾರ ಮಾಡತೀರಿ, ಕಾಕಾ?"

ರೊಟ್ಟಿ ಬಡಿಯುತ್ತಿದ್ದ ಯಂಕವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಕದಿಯೂದಾದ್ರ ತುಪ್ಪದ ಭರಣಿ ಕದೀತಿದ್ನೆಪಾ! ಹುಳಾ ಹಿಡಿಯೂ ಕಾಳು ತಗೊಂಡು ಸೊಸಿಗೆ ಉಡಿ ತುಂಬಲೇನು?"

ಫಕ್ರುಸಾಬರು ನಕ್ಕರು. ಸ್ಟೂಲು ಹತ್ತಿ ಹಲಗೆಯನ್ನು ಸಾವಕಾಶವಾಗಿ ನೋಡಿದರು.

"ಮುಂದಿನ ಸಾಲಿನ ಧೂಳು ಹಂಗ ಐತಿ. ಒಂದ ಡಬ್ಬಿ ಮ್ಯಾಲೆ ಅಷ್ಟ ಒರೆಸಿದ ಗುರ್ತು. ಇದರ ಮ್ಯಾಲಿಂದ ಕೈ ಚಾಚಿ ಹಿಂದಿಂದು ತಗದಾರ. ಅಂದ್ರ ಕೈಗೆ ಸಿಕ್ಕದ್ದಲ್ಲ, ಆರಿಸಿದ್ದು. ಡಬ್ಬಿಗೆ ಅಂಟಿಸಿದ ಈ ಚೀಟಿ ಮ್ಯಾಲೆ ಏನ ಬರದೀರಿ?"

"ಲ್ಯಾಟಿನ್. ಗಿಡದ ಹೆಸರಿನಾಗ ಮೊದಲ ಪದ ಮನೆತನದ್ದು, ಎರಡನೇದು ಗುಣದ್ದು. ನಾನು ಗುಣ ಅಷ್ಟ ಬರೀತೇನಿ. ಆಲ್ಬಾ ಅಂದ್ರ ಬಿಳಿ. ನೈಗ್ರಾ — ಕರಿ. ಟೊಮೆಂಟೋಸಾ — ಮೈತುಂಬ ನವಿರು ಕೂದಲಿದ್ದದ್ದು."

"ಕಳದದ್ದು?"

"ಸೂಪರ್ಬಾ. ಭವ್ಯವಾದದ್ದು, ಎಲ್ಲಾದಕ್ಕಿಂತ ಮ್ಯಾಲಿಂದು."

"ಖರೇನ ಅಷ್ಟು ಅಪರೂಪದ್ದೇನ್ರಿ?"

ಪ್ರಭಾವತಿ ಕಿಟಕಿಯತ್ತ ಕೈ ತೋರಿದರು. ಬೇಲಿಯ ಮೇಲೆ ಕೆಂಪು-ಹಳದಿ ಹೂಗಳು ಉರಿಯಂತೆ ಅರಳಿದ್ದವು. "ಅಗ್ನಿಶಿಖೆ ಬಳ್ಳಿ. ಅದರ ಬೀಜ ಅಷ್ಟ."

"ನಿನಗ ಗೊತ್ತಿತ್ತೇನವಾ, ಮಯೂರಿ?"

"ಅದರ ಚಿತ್ರಾ ಬಿಡಿಸಿ ಬಿಡಿಸಿ ಕೈ ಸೋತೈತ್ರಿ. ಬೇಕಾಗಿದ್ರ ಬೇಲಿಗೇ ಕೈ ಹಾಕತಿದ್ದೆ."

ಫಕ್ರುಸಾಬರು ಸ್ಟೂಲಿನಿಂದ ಇಳಿದರು. "ಯಂಕವ್ವಗ ಈ ಅಕ್ಷರ ಓದಾಕ ಬರಂಗಿಲ್ಲ. ಮಯೂರಿಗೆ ಗಿಡಾ ಗೊತ್ತು. ಪದದ ಅರ್ಥ ಗೊತ್ತಿದ್ದು ಗಿಡಾ ಗೊತ್ತಿಲ್ಲದವರು ಅಷ್ಟ ಇದನ್ನ ಆರಿಸತಾರ. ದಿನಾ ಮುಂಜಾನಿ ಕಂಪೌಂಡಿನಾಚಿ ನನಗ ಕೇಳಸತೈತಿ — ಪರೀಕ್ಷಾಕ್ಕ ಇಂಗ್ಲಿಷ್ ಪದಗಳ ಮೂಲ ಬಾಯಿಪಾಠ ಮಾಡೂ ದನಿ. ಅಲ್ಲೇನೋ, ಆಶಿಷ್?"

ಆಶಿಷ್ ಹೆಗಲಿನ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ.

ಪ್ರಭಾವತಿ ಗಾಬರಿಯಿಂದ ಎದ್ದು ಅವನ ಮುಂಗೈ ಹಿಡಿದರು. "ಒಂದಾದ್ರೂ ಬೀಜ ಬಾಯಾಗ ಹಾಕ್ಕೊಂಡಿಯೇನೋ? ವಿಷಾ ಅದು!"

"ಇಲ್ಲ, ದೊಡ್ಡವ್ವ. ಚೀಲದಾಗ ಹಂಗ ಐತಿ. ಗೋಕುಲ ರಸ್ತೆಯ ಒಬ್ಬ ಬೀಜದ ವ್ಯಾಪಾರಿ... ಅಪರೂಪದ ತಳಿ ತಂದ್ರ ಕೆಲಸಾ ಕೊಡತೇನಿ ಅಂದಿದ್ದ. ಪರೀಕ್ಷಾ ಬರದು ಬರದು ಸಾಕಾಗೇತಿ."

ಅವರು ಕೈ ಬಿಟ್ಟರು. ಒರೆಸಿದ ಗುರುತಿದ್ದ ಡಬ್ಬಿಯನ್ನು ಇಳಿಸಿಕೊಂಡರು.

"ವಲ್ಗೇರ್," ಎಂದರು.

"ಸಾಮಾನ್ಯ," ಎಂದ ಆಶಿಷ್, ರೂಢಿಯಂತೆ.

ಮುಚ್ಚಳ ತೆರೆದರು. ಮುತ್ತಿನಂಥ ಕಾಳು. "ಜ್ವಾಳ. ಹಳೇ ಪುಸ್ತಕದಾಗ ಜ್ವಾಳಕ್ಕ ಇದ ಗುಣ ಬರದಾರ. ನಮ್ಮಪ್ಪ ಬಿತ್ತತಿದ್ದ ತಳಿ, ಈಗ ಯಾರ ಹೊಲದಾಗೂ ಇಲ್ಲ. ನಾ ಹೇಳಿದ್ದು ಇದನ್ನ. ನೀ ಇದರ ಮ್ಯಾಲೆ ಕೈ ಹಾಯಿಸಿ ಹೋದಿ."

ಡಬ್ಬಿ ಮುಚ್ಚಿ, ಕೀಲಿಯ ಜೊತೆಗೆ ಮಯೂರಿಯ ಕೈಗಿಟ್ಟರು. "ಮೊದಲ ಯಂಕವ್ವಗ ತಪ್ಪಾತು ಅನ್ನು," ಎಂದರು ಆಶಿಷನಿಗೆ.

"ತಪ್ಪು-ಗಿಪ್ಪು ಆಮ್ಯಾಲೆ," ಎಂದಳು ಯಂಕವ್ವ. "ರೊಟ್ಟಿ ಆರಾಕತ್ತಾವು. ಲಗೂನ ಬರ್ರಿ."

ಎಲ್ಲರೂ ಊಟಕ್ಕೆ ಕೂತರು. ಆಶಿಷ್ ಮಾತ್ರ ತಾಟಿನಲ್ಲಿದ್ದ ಜೋಳದ ರೊಟ್ಟಿಯನ್ನು ಮುರಿಯದೆ, ಮೊದಲ ಸಲ ಕಂಡವನಂತೆ ಬಹಳ ಹೊತ್ತು ನೋಡುತ್ತಿದ್ದ.