ಜಗಲಿಯ ಗಡಿಯಾರ

"ನಾ ಬರ್ದಿದ್ನ ಯಾಕ್ ಅಳ್ಸಾಕ್ಬುಟ್ರಿ ಮೇಡಂ?"

ಬಾಗಿಲು ತೆರೆದ ಅಮೂಲ್ಯಾಳಿಗೆ ನಮಸ್ಕಾರವೂ ಇಲ್ಲ, ಏನೂ ಇಲ್ಲ. ನೇರ ದೂರು. ಶ್ರೀರಂಗಪಟ್ಟಣದ ಆ ಬೀದಿಯಲ್ಲಿ ಅವಳನ್ನು ಹೀಗೆ ಕೇಳಿದವರೇ ಇಲ್ಲ.

"ಯಾರು ನೀವು?"

"ಕನಕರಾಜು. ಕ್ಯಾತನಹಳ್ಳೀಲಿ ಮೋಟ್ರು ರಿಪೇರಿ ಅಂಗ್ಡಿ ಮಡಗಿವ್ನಿ."

ಇವನೇನಾ? 'ಜಗಲಿ'ಯಲ್ಲಿ ಒಂದು ವರ್ಷದಿಂದ ಎಲ್ಲರ ಪಂಪ್‌ಸೆಟ್ಟಿನ ಕಷ್ಟಕ್ಕೂ ಉತ್ತರ ಬರೆಯುವವನು... ದಿನವೂ ಅವಳ ಜೊತೆ ವಾದ ಮಾಡುವವನು... ಅವಳು ಕಾದು ಓದುತ್ತಿದ್ದ ಮಾತುಗಳೆಲ್ಲ ಇವನವೇ!

ನಾಲ್ಕು ತಾಲ್ಲೂಕಿನ ಜನ ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾತಾಡಿಕೊಳ್ಳಲೆಂದು ಅಮೂಲ್ಯಾ ಒಬ್ಬಳೇ ಕಟ್ಟಿದ ಜಾಲತಾಣ ಜಗಲಿ. ಅದರ ಸರ್ವರ್ ಓಡುತ್ತಿದ್ದದ್ದು ಅವಳ ಮನೆಯ ನಡುಮನೆಯಲ್ಲಿದ್ದ ಒಂದು ಹಳೇ ಕಂಪ್ಯೂಟರಿನಲ್ಲಿ. ಹನ್ನೊಂದು ದಿನದಿಂದ ಯಾರು ಏನು ಬರೆದರೂ ಕಾಣುತ್ತಿಲ್ಲ. ಸರಿಯಾಗದಿದ್ದರೆ ನಾಳೆ ಭಾನುವಾರದ ಸಭೆಯಲ್ಲಿ ಜಗಲಿ ಮುಚ್ಚುವುದೆಂದು ಸದಸ್ಯರು ಹೇಳಿಬಿಟ್ಟಿದ್ದರು.

"ನಾನು ಯಾರ ಮಾತೂ ಅಳಿಸಿಲ್ಲ. ಎಲ್ಲರದೂ ಹೀಗೇ ಆಗಿದೆ."

"ಇಷ್ಟ ಇಲ್ದಿದ್ರೆ ಇಲ್ಲ ಅನ್ಬೋದಿತ್ತು. ಅಳ್ಸಾಕುದ್ರೆ ಮನ್ಸಂಗೆ ಏನನ್ಸ್ತದೆ?"

ಇಷ್ಟವೇ? ಏನು ಬರೆದಿದ್ದ ಇವನು?

ಅಷ್ಟರಲ್ಲಿ ಅಮ್ಮ ಶಾರದ ಒಳಗಿನಿಂದ ಕೂಗಿದರು. "ಬಾಗಿಲಲ್ಲೇ ನಿಲ್ಲಿಸಿ ಮಾತಾಡ್ತೀಯಲ್ಲೇ. ಒಳಗೆ ಕರಿ, ಕಾಫಿ ಕೊಡ್ತೀನಿ."

ಕಾಫಿ ಕುಡಿಯುತ್ತಾ ಕನಕರಾಜು ಮೂಲೆಯ ಕಂಪ್ಯೂಟರನ್ನೇ ನೋಡಿದ. ಮುಚ್ಚಳ ಬಿಚ್ಚಿತ್ತು. ಮೇಲೆ ಕುಂಕುಮ, ಬಾಡಿದ ಸೇವಂತಿಗೆ.

"ಯಾವಾಗಿಂದ ಕೆಟ್ಟೈತೆ?"

"ಬೇಡ ಬಿಡಿ, ನಾನೇ ನೋಡ್ಕೋತೀನಿ." ಯಾರ ಸಹಾಯವೂ ಬೇಡವೆಂಬುದು ಅವಳ ಹಟ. ಹನ್ನೊಂದು ದಿನ ಪ್ರೋಗ್ರಾಮಿನ ಸಾವಿರಾರು ಸಾಲು ಓದಿ ಕಣ್ಣು ಕೆಂಪಾಗಿದ್ದರೂ ಹಟ ಮಾತ್ರ ಕರಗಿರಲಿಲ್ಲ.

"ನಾ ಮುಟ್ಟಕಿಲ್ಲ. ಕೇಳ್ದೆ ಅಷ್ಟೇಯಾ. ಕರೆಂಟು ತೆಗ್ದಿದ್ರಾ?"

"ಆಯುಧಪೂಜೆ ದಿನ... ಎಲ್ಲ ಯಂತ್ರಕ್ಕೂ ಒಂದು ದಿನ ಬಿಡುವು ಕೊಡೋದು ನಮ್ಮ ಮನೆ ಪದ್ಧತಿ. ಪ್ಲಗ್ ಕಿತ್ತು ಪೂಜೆ ಮಾಡಿದ್ದೆ."

"ನಮ್ಮ ಪಂಪ್‌ಸೆಟ್ ಟೈಮರ್ರೂ ಅಂಗೇಯಾ. ಒಳಗಿನ ಪುಟ್ಟ ಸೆಲ್ಲು ಸತ್ತೋಗಿದ್ರೆ, ಕರೆಂಟ್ ಬಂದ್ಮೇಲೆ ಅಳೇ ಟೈಮಿಂದ ಸುರು ಮಾಡ್ತದೆ."

ಅಮೂಲ್ಯಾ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಸರ್ವರಿನ ದಿನಾಂಕ ನೋಡಿದಳು.

ಎರಡು ಸಾವಿರದ ಹದಿನೈದು, ಜನವರಿ!

ಇಂಟರ್‌ನೆಟ್ಟಿನಿಂದ ಸಮಯ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಹಿಂದೊಮ್ಮೆ ಅವಳೇ ನಿಲ್ಲಿಸಿ ಮರೆತಿದ್ದಳು. ಹೊಸ ಮಾತುಗಳಿಗೆಲ್ಲ ಹಳೇ ತಾರೀಖು ಬಿದ್ದು, ಯಾರೂ ನೋಡದ ಕೊನೆಯ ಪುಟಕ್ಕೆ ಹೋಗಿ ಕೂತಿದ್ದವು. ಅವಳು ಗಡಿಯಾರ ಸರಿಮಾಡಿದಳು, ತಾರೀಖುಗಳನ್ನು ತಿದ್ದಿದಳು. ಒಂದೊಂದಾಗಿ ಮಾತುಗಳು ಮೇಲೆ ಬಂದವು. ಪಾಲಹಳ್ಳಿಯ ನಾಟಿ, ನಾಗಮಂಗಲದ ಕಳೆದುಹೋದ ಹಸು... ಅವಳಿಗೆ ಕಣ್ಣು ತುಂಬಿ ಬಂತು.

ಎಲ್ಲರಿಗೂ ಕಾಣುವಂತೆ ಬರೆದಳು: "ತಪ್ಪು ನನ್ನದೇ. ದಾರಿ ತೋರಿಸಿದ್ದು ಕ್ಯಾತನಹಳ್ಳಿಯ ಕನಕರಾಜು." ಇಷ್ಟು ದಿನ ಕಾಪಾಡಿದ ಹಟ ಬಿಟ್ಟುಕೊಟ್ಟಾಗ ಮನಸ್ಸು ಹಗುರಾಯಿತು.

ಆಮೇಲೆ ಕಂಡಿತು, ಅವಳೊಬ್ಬಳಿಗೇ ಬಂದಿದ್ದ ಆ ಸಂದೇಶ.

'ಇದನ್ನು ಕಟ್ಟಿದವಳು ನಮ್ಮ ಕಡೆಯ ಹುಡುಗಿ ಅಂತ ಹೇಳಿಕೊಳ್ಳೋಕೆ ಎದೆಯುಬ್ಬುತ್ತೆ. ನೀವು ಒಪ್ಪಿದರೆ, ಪಕ್ಕದಲ್ಲೇ ನಿಂತು ಜೀವನಪೂರ್ತಿ ಹೇಳ್ತೀನಿ.'

ಅವಳು ತಲೆಯೆತ್ತಿದಾಗ ಅವನು ಖಾಲಿ ಲೋಟದೊಳಗೆ ನೋಡುತ್ತಿದ್ದ.

"ತೆಪ್ಪಾಯ್ತು ಮೇಡಂ. ಇಚಾರ ತಿಳೀದೆ ಬಂದು ಕೂಗಾಡ್ಬುಟ್ಟೆ."

"ಹನ್ನೊಂದು ದಿನ ನಿಮ್ಮ ಮಾತಿಲ್ಲದೆ ಎಷ್ಟು ಕಾದೆ ಗೊತ್ತಾ? ಎಲ್ಲಕ್ಕಿಂತ ಅದೇ ದೊಡ್ಡ ಕೊರತೆ ಅನ್ನಿಸ್ತಿತ್ತು."

ಅವನು ಲೋಟ ಕೆಳಗಿಟ್ಟ.

"ನಾಳೆ ಸಭೇಲಿ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು."

"ನಾಳೆ ಒಂದಿನ್ಕೇನಾ?"

ಅವಳು ಕೀಬೋರ್ಡಿನತ್ತ ತಿರುಗಿ ಬರೆದಳು. ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಿದ. ಒಂದೇ ಪದ: 'ಜೀವನಪೂರ್ತಿ.'

ಅದರ ಕೆಳಗಿದ್ದ ಗಂಟೆ, ತಾರೀಖನ್ನು ಅವನು ಎರಡು ಸಲ ಓದಿಕೊಂಡ.

"ಟೈಮು ಸರ್ಯಾಗೈತೆ ಕಣ್ರೀ," ಅಂದ.