ಬಿಡುವ ಅಂದರೆ...

ಪ್ರಾಗ್ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದಾಗ ಅಶ್ವಿತಾಳಿಗೆ ಮೊದಲು ಕಂಡದ್ದು ತನ್ನದೇ ಹೆಸರು.

ಬಿಳಿ ರಟ್ಟಿನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ 'ಶ್ರೀಮತಿ ಅಶ್ವಿತಾ, ಶಿರ್ತಾಡಿ' ಎಂದು ಬರೆದಿತ್ತು. ಅದನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ ಅವಳ ಗಂಡ ಶಿಶಿರ್. ಮಸ್ಕತ್‌ನ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವವನಿಗೆ ಬೋರ್ಡು ಹಿಡಿದು ಕಾಯುವುದು ಹೊಸತೇನಲ್ಲ.

ಹದಿಮೂರು ತಿಂಗಳ ಮೇಲೆ ಅವನನ್ನು ಫೋನಿನ ಪರದೆಯ ಹೊರಗೆ ನೋಡುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದ. ಕಿವಿಯ ಹತ್ತಿರ ಎರಡು ಬಿಳಿ ಕೂದಲು. ಅದು ವಿಡಿಯೋ ಕಾಲ್‌ನಲ್ಲಿ ಕಂಡಿರಲಿಲ್ಲ...

ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆದರೆ ಕಾಲು ಏಳಲಿಲ್ಲ. 'ನಾಲ್ಕು ದಿನದಲ್ಲಿ ಕಳೆದುಕೊಳ್ಳುವುದನ್ನು ಈಗ ಯಾಕೆ ಅಪ್ಪಿಕೊಳ್ಳಲಿ?'

"ಎಂತ ಮಾರಾಯ್ತಿ, ಗುರ್ತ ಸಿಗಲಿಲ್ವಾ?"

"ಸಿಕ್ಕಿತು. ನೀವು ಬಂದು ತುಂಬಾ ಹೊತ್ತಾಯ್ತಾ?"

ಶಿಶಿರನ ನಗು ಅರ್ಧದಲ್ಲೇ ನಿಂತಿತು. ಅವನು ತಿರುಗಿ ಬೆನ್ನ ಹಿಂದೆ ನೋಡಿದ. "ನೀವಾ? ಯಾರಿಗೆ ಹೇಳಿದ್ದು? ನನ್ನ ಹಿಂದೆ ಯಾರಾದರೂ ದೊಡ್ಡವರು ನಿಂತಿದ್ದಾರಾ?"

ಅವಳು ನಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಅವನಿಗೆ ಕೊಟ್ಟಳು. "ಅತ್ತೆ ಗರಿಗರಿ ರೊಟ್ಟಿ ಕೊಟ್ಟಿದ್ದಾರೆ. ಮಡಿಲಲ್ಲಿ ಇಟ್ಟುಕೊಂಡೇ ಬಂದೆ. ಆದರೂ ಪುಡಿಯಾಗಿರಬೇಕು."

* * *

ಇಬ್ಬರೂ ಮೂಡುಬಿದಿರೆಯ ಕಾಲೇಜಿನಲ್ಲಿ ಒಂದೇ ತರಗತಿಯವರು. ಅವನದು ತುಳು ಮಾತಾಡುವ ಬಂಟರ ಮನೆ. ಅವಳದು ಬೆಳ್ತಂಗಡಿ ಕಡೆಯ ಹವ್ಯಕರ ಮನೆ. ಅವನ ಭಾಷೆ ಅವಳಿಗೆ ಬರುತ್ತಿದ್ದದ್ದು ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟು. ಅವಳ ಮನೆಮಾತು ಅವನಿಗೆ ನಗು ಬರಿಸುತ್ತಿತ್ತು. ಹಾಗಾಗಿ ಪ್ರೀತಿ, ಜಗಳ, ರಾಜಿ ಎಲ್ಲವೂ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ನಡೆಯಿತು.

ಮದುವೆ ನಡೆದದ್ದು ರಿಜಿಸ್ಟ್ರಾರ್ ಕಚೇರಿಯಲ್ಲಿ. ಅವಳ ಅಪ್ಪ ತಿರುಮಲೇಶ್ವರ ಭಟ್ಟರು ಅಂದಿನಿಂದ ಮಾತು ನಿಲ್ಲಿಸಿದರು. ಅಪ್ಪ ಪೇಟೆಗೆ ಹೋದಾಗ ಮಾತ್ರ ಅಮ್ಮನ ಫೋನು ಬರುತ್ತಿತ್ತು.

ಇಪ್ಪತ್ತಮೂರು ದಿನ. ಗಂಡನ ಜೊತೆ ಅವಳು ಇದ್ದದ್ದು ಅಷ್ಟೇ. ಆಮೇಲೆ ಅವನು ಮಸ್ಕತ್‌ಗೆ ಹೋದ. ಅವಳು ಶಿರ್ತಾಡಿಯಲ್ಲಿ ಅತ್ತೆ ವಿನೋದಾರ ಜೊತೆ ಉಳಿದಳು. ಬೆಳಿಗ್ಗೆ ಪುತ್ತಿಗೆಯ ಶಾಲೆಗೆ ಹೋಗಿ ಪಾಠ ಮಾಡುವುದು, ಸಂಜೆ ಮರಳಿ ಬಂದು ಫೋನಿಗೆ ಕಾಯುವುದು... ಆಯಿತು.

ಕಳೆದ ಜೂನ್‌ನಲ್ಲಿ ಶಿಶಿರನಿಗೆ ಒಳ್ಳೆಯ ಕೆಲಸಕ್ಕಾಗಿ ಕಂಪೆನಿಯಿಂದ ಬಹುಮಾನ ಬಂತು. ಇಬ್ಬರಿಗೆ ನಾಲ್ಕು ದಿನದ ಪ್ರಾಗ್ ಪ್ರವಾಸ. ಆ ದಿನ ಅವಳು ಬರೆದಳು: 'ಪ್ರಾಗ್ ಟ್ರಿಪ್ಪಿಗೆ ಎಂತ ಮಾಡುವ? ದಸರಾ ರಜೆಯಲ್ಲಿ ಆಗ್ತದಾ?'

ಕಳಿಸಿದ ಮೇಲೆ ಎದೆಯೊಳಗಿದ್ದದ್ದು ತಡೆಯದೆ ಇನ್ನೊಂದು ಬರೆದಳು: 'ಟ್ರಿಪ್ ಇರಲಿ. ನಮ್ಮದು ಎಂತ ಮಾಡುವ? ಹೀಗೇ ದೂರ ದೂರ ಎಷ್ಟು ವರ್ಷ ಎಳೆಯುವುದು?'

ಒಂದು ಗಂಟೆ ಬಿಟ್ಟು ಉತ್ತರ ಬಂತು. ಒಂದೇ ಪದ.

'ಬಿಡುವ.'

ಮರುದಿನ ಅವನು ವೀಸಾದ ಕಾಗದಪತ್ರಗಳ ಬಗ್ಗೆ ಮಾತಾಡಿದ. ಅವಳು 'ಹೂಂ' ಎಂದಳು. ಬಂದ ಬಹುಮಾನ ಹಾಳಾಗುವುದು ಬೇಡ, ನೋಡಿ ಬಂದ ಮೇಲೆ ಬಿಡುವ ಅಂತ ಇರಬೇಕು ಎಂದುಕೊಂಡಳು.

ನಾಲ್ಕು ತಿಂಗಳು ಅವಳು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಅವಳು ಹೋಗುವುದಾದರೂ ಎಲ್ಲಿಗೆ? ಬೆಳ್ತಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಗಂಡನೇ ಬಿಟ್ಟ ಮೇಲೆ ಶಿರ್ತಾಡಿಯ ಮನೆಯಲ್ಲಿ ಅವಳು ಯಾರು?

* * *

ಊರು ಚೆನ್ನಾಗಿತ್ತು. ಅದೇ ಅವಳಿಗೆ ಹಿಂಸೆಯಾಯಿತು.

ಕಲ್ಲು ಹಾಸಿದ ಬೀದಿಗಳಲ್ಲಿ ಅವನು ಮುಂದೆ ನಡೆಯುತ್ತಿದ್ದ, ಅವಳು ಎರಡು ಹೆಜ್ಜೆ ಹಿಂದೆ. ಹಳೆಯ ಚೌಕದ ದೊಡ್ಡ ಗಡಿಯಾರದ ಕೆಳಗೆ ನೂರಾರು ಜನ ಫೋನು ಎತ್ತಿ ನಿಂತಿದ್ದರು. ಗಂಟೆ ಆದಾಗ ಒಂದು ಎಲುಬುಗೂಡಿನ ಗೊಂಬೆ ಗಂಟೆಯ ಹಗ್ಗ ಜಗ್ಗಿತು. ಮೇಲಿನ ಕಿಟಕಿಗಳಲ್ಲಿ ಗೊಂಬೆಗಳು ಸಾಲಾಗಿ ಸರಿದುಹೋದವು. ಮುಗಿಯಿತು.

"ಇಷ್ಟೇಯಾ?" ಶಿಶಿರ್ ಬಾಯಿ ತೆರೆದ. "ಇದಕ್ಕೆ ನಲವತ್ತು ನಿಮಿಷ ನಿಂತದ್ದಾ? ನಮ್ಮ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬ ನೋಡಿ ಮುಗಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು!"

ಅವಳಿಗೆ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ನುಂಗಿದಳು. 'ನಾಲ್ಕು ದಿನದಲ್ಲಿ ಇನ್ನೊಂದು ಗಂಟೆ ಹೋಯಿತು...' ಎಂದು ಮನಸ್ಸು ಹೇಳಿತು.

ನದಿಯ ದಂಡೆಯಲ್ಲಿ ಕೂತು ಅವನು ಅಮ್ಮ ಕೊಟ್ಟ ರೊಟ್ಟಿಯ ಚೂರುಗಳನ್ನು ಚಹಾದಲ್ಲಿ ಅದ್ದಿ ತಿಂದ. ಅವಳ ಬೆರಳಿಗೆ ಅಂಟಿದ್ದ ಪುಡಿಯನ್ನೂ ಅವನೇ ಒರೆಸಿದ. ಆ ಬೆರಳನ್ನು ಅವಳು ಆ ಇಡೀ ಸಂಜೆ ಮಡಚಿಯೇ ಇಟ್ಟುಕೊಂಡಿದ್ದಳು.

ಮೂರನೆಯ ದಿನ ಹಳೆಯ ಕಲ್ಲಿನ ಸೇತುವೆಗೆ ಹೋದರು. ಇಕ್ಕೆಲದಲ್ಲಿ ಸಂತರ ಮೂರ್ತಿಗಳು. ಒಂದರ ಬುಡದಲ್ಲಿದ್ದ ಹಿತ್ತಾಳೆ ಬಣ್ಣದ ಫಲಕ ಜನರ ಕೈ ತಾಗಿ ತಾಗಿ ಹೊಳೆಯುತ್ತಿತ್ತು.

"ಇದನ್ನು ಮುಟ್ಟಿದವರು ಇನ್ನೊಮ್ಮೆ ಈ ಊರಿಗೆ ಬರ್ತಾರಂತೆ," ಎಂದು ಶಿಶಿರ್ ಮುಟ್ಟಿದ. "ಬಾ, ನೀನೂ ಮುಟ್ಟು."

"ಬೇಡ. ನಾನು ಬರುವುದಿಲ್ಲ."

"ಎಂತಕ್ಕೆ?"

"ಸುಮ್ಮನೆ."

ಅವನ ಕೈ ಫಲಕದ ಮೇಲೇ ಉಳಿಯಿತು. ಹಿಂದೆ ಸಾಲಿನಲ್ಲಿದ್ದ ಹೆಂಗಸು ಗೊಣಗಿದ ಮೇಲೆ ತೆಗೆದ.

* * *

ಕೊನೆಯ ದಿನ ಬೆಳಿಗ್ಗೆ ಚೀಲಗಳನ್ನು ಹೋಟೆಲಿನಲ್ಲಿಟ್ಟು ಮತ್ತೊಮ್ಮೆ ಸೇತುವೆಗೆ ಬಂದರು. ಮಧ್ಯಾಹ್ನ ಇಬ್ಬರಿಗೂ ಬೇರೆ ಬೇರೆ ವಿಮಾನ.

ಅಶ್ವಿತಾ ಕಟ್ಟೆಗೆ ಒರಗಿ ನೀರು ನೋಡುತ್ತಿದ್ದಳು. 'ಇನ್ನು ಹೇಳುತ್ತಾನೆ. ಹೇಳಲಿಕ್ಕೆ ಅವನಿಗೂ ಕಷ್ಟವಾಗುತ್ತಿರಬೇಕು...'

ಶಿಶಿರ್ ಗಡಿಯಾರ ನೋಡಿದ. ಅವಳ ಮೋರೆ ನೋಡಿದ. ಮೆಲ್ಲಗೆ ಹೇಳಿದ.

"ಬಿಡುವ."

ಅವಳು ತಿರುಗಿದಳು. ಕಣ್ಣಿನಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು!

"ಎಷ್ಟು ಸಲ ಹೇಳ್ತಿ? ಒಮ್ಮೆ ಬರೆದದ್ದು ಸಾಕಾಗಲಿಲ್ವಾ? ನನಗೆ ಅರ್ಥ ಆಗಿದೆ ಶಿಶಿರ್! ಇನ್ನು ಎರಡು ಗಂಟೆ ಉಂಟಲ್ಲ, ಅಷ್ಟಾದರೂ ಸುಮ್ಮನೆ ಇರಬಾರದಾ?"

ಅವನು ಕಕ್ಕಾಬಿಕ್ಕಿಯಾದ. "ನಾನು ಬರೆದದ್ದಾ? ಎಂತ ಬರೆದದ್ದು?"

ಅವಳು ಫೋನು ತೆಗೆದು ಅವನ ಮುಖದೆದುರು ಹಿಡಿದಳು. ಜೂನ್. ಅವಳ ಎರಡು ಪ್ರಶ್ನೆ, ಕೆಳಗೆ ಅವನ ಒಂದು ಪದ.

ಅವನು ಎರಡು ಸಲ ಓದಿದ.

"ಅಶ್ವಿತಾ... ಇದು ಟ್ರಿಪ್ಪಿಗೆ ಹೇಳಿದ್ದು. ಬಿಡುವ ಅಂದರೆ ಹೊರಡುವ ಅಂತ! ತುಳುವಿನ ಬುಡ್ಕ! ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗುವುದಾದರೂ 'ಎಷ್ಟು ಗಂಟೆಗೆ ಬಿಡುವುದು' ಅಂತಲೇ ಕೇಳುವುದಲ್ವಾ? ಈಗ ಹೇಳಿದ್ದೂ ಅದೇ, ಏರ್‌ಪೋರ್ಟಿಗೆ ಹೊತ್ತಾಯ್ತು ಅಂತ."

"ನಮ್ಮ ಮನೆಯಲ್ಲಿ ಅದಕ್ಕೆ 'ಹೆರಡುವ' ಅಂತಾರೆ." ಅವಳು ಫೋನು ಕೆಳಗಿಳಿಸಿದಳು. "ಬಿಡುವುದು ಅಂದರೆ... ಬಿಡುವುದೇ."

ಯಾರೋ ಪ್ರವಾಸಿಗರು ಅವರನ್ನು ಸುತ್ತಿ ದಾಟಿಹೋದರು.

"ನಾಲ್ಕು ತಿಂಗಳು," ಅವನು ಹೇಳಿದ. "ನಾನು ಬಿಡ್ತೇನೆ ಅಂತ ನಾಲ್ಕು ತಿಂಗಳು ನಂಬಿದೆಯಾ? ಮತ್ತೆ ಇಲ್ಲಿಗೆ ಯಾಕೆ ಬಂದೆ?"

"ನಾಲ್ಕು ದಿನ ಸಿಗ್ತದಲ್ಲ ಅಂತ."

ಈಗ ಅವನ ಕಣ್ಣು ತುಂಬಿತು. ಅವಳನ್ನು ಎದೆಗೆ ಎಳೆದುಕೊಂಡ. ಅವಳೂ ತಡೆಯಲಿಲ್ಲ. ಆದರೆ ಹಾಗೆಯೇ, ಅವನ ಅಂಗಿಯೊಳಗೆ ಮುಖವಿಟ್ಟೇ ಕೇಳಿದಳು.

"ಎರಡನೆಯ ಮೆಸೇಜು ಓದಿರಲಿಲ್ವಾ?"

"ಓದಿದ್ದೆ. ಹೇಳಲಿಕ್ಕೆ ಉತ್ತರ ಇರಲಿಲ್ಲ. ಸುಲಭದ್ದಕ್ಕೆ ಉತ್ತರ ಕೊಟ್ಟು ತಪ್ಪಿಸಿಕೊಂಡೆ."

"ಈಗ ಉಂಟಾ?"

"ಬಂಟ್ವಾಳದ ಅಬೂಬಕ್ಕರ್ ಸಾಹೇಬರು ಹೊಸ ಲಾಡ್ಜ್ ಕಟ್ಟಿಸ್ತಿದ್ದಾರೆ. ಮ್ಯಾನೇಜರ್ ಆಗಿ ಬಾ ಅಂತ ಮೂರು ಸಲ ಕರೆದರು. ಮಸ್ಕತ್‌ನಿಂದ ಬಂದವ ಊರಿನ ಲಾಡ್ಜಿನಲ್ಲಿ ಕೀಲಿಕೈ ಕೊಡುತ್ತಾ ಕೂರುವುದಾ ಅಂತ ನಾಚಿಕೆ. ನಿನಗೂ ಹೇಳಲಿಲ್ಲ." ಅವನು ಉಸಿರೆಳೆದುಕೊಂಡ. "ಮಾರ್ಚಿಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಇನ್ನೊಮ್ಮೆ ಸೈನ್ ಹಾಕುವುದಿಲ್ಲ."

"ಇದು ಈಗ ತೀರ್ಮಾನ ಮಾಡಿದ್ದಾ?"

"ಹೌದು. ಈಗಲೇ."

ಅವಳು ತಲೆ ಎತ್ತಿ ನೋಡಿದಳು. ಸುಳ್ಳು ಹೇಳುವಾಗ ಅವನು ಮೂಗು ಉಜ್ಜುತ್ತಾನೆ. ಉಜ್ಜಲಿಲ್ಲ.

"ಇನ್ನೂ ಐದು ತಿಂಗಳು ಉಂಟು ಮಾರಾಯ."

"ಉಂಟು. ದಿನಾ ಫೋನ್ ಮಾಡ್ತೇನೆ. ಮೆಸೇಜು ಮಾತ್ರ ಬರೆಯುವುದಿಲ್ಲ, ದೇವರಾಣೆ!"

ಅವಳು ನಕ್ಕಳು. ನಾಲ್ಕು ದಿನದಿಂದ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬಂದ ಹಾಗೆ, ಅಳುತ್ತಲೇ ನಕ್ಕಳು. ಆಮೇಲೆ ಹೋಗಿ ಆ ಹೊಳೆಯುವ ಫಲಕದ ಮೇಲೆ ಇಡೀ ಅಂಗೈ ಇಟ್ಟಳು.

ಅವನು ಪಕ್ಕದಲ್ಲಿ ಬಂದು ನಿಂತ. ಗಡಿಯಾರ ನೋಡಿದ. ಬಾಯಿ ತೆರೆದವನು ತಡೆದು, ಪರೀಕ್ಷೆಗೆ ಉತ್ತರ ಹೇಳುವವನಂತೆ ಪದ ಹುಡುಕಿದ.

"ಹೆ... ಹೆರಡುವನಾ?"

ಅಶ್ವಿತಾ ಅವನ ಕೈ ಹಿಡಿದಳು. ಗಟ್ಟಿಯಾಗಿ.

"ಬಿಡುವ."