ನಿದ್ದೆಯಲ್ಲಿಯೂ ಓಡುವ ಎದೆ

"ಈ ಕೂಸಿನ ಎದಿ ನೋಡ್ರಿ... ಹೆಂಗ ಓಡಾಕತ್ತೈತಿ!"

1946ರ ಒಂದು ಬೆಳಿಗ್ಗೆ ತಿಕೋಟಾದ ದವಾಖಾನೆಗೆ ಓಡಿಬಂದ ಕಾಳವ್ವನ ಕೈಯಲ್ಲಿ ಒಂದೂವರೆ ವರ್ಷದ ರುಕ್ಮವ್ವ ಇದ್ದಳು. ಅಣ್ಣ ಬಸಗೊಂಡಪ್ಪನ ಮಗಳು.

ಕಂಪೌಂಡರ್ ಗುರಲಿಂಗಪ್ಪ ಕಿಸೆಯ ಗಡಿಯಾರ ನೋಡುತ್ತ ಕೂಸಿನ ಎದೆಬಡಿತ ಎಣಿಸಿದ. ಆಮೇಲೆ ನಕ್ಕ.

"ಏನೂ ಆಗಿಲ್ರಿ ಬಾಯಾರ. ಸಣ್ಣ ಕೂಸಿನ ಎದಿ ಹಂಗ ಓಡ್ತೈತಿ."

ಕಾಳವ್ವನ ಮುಖ ಬಿಳಿಚಿತು.

"ನನ್ನ ಮಗಗೂ ಏನೂ ಆಗಿಲ್ಲ ಅಂದಿದ್ರು. ಅವರೂ ಹಿಂಗ ನಕ್ಕಿದ್ರು."

ಕೂಸನ್ನು ಅವುಚಿಕೊಂಡು ಹೊರಟೇಹೋದಳು.

ಆ ಮಾತು ಗುರಲಿಂಗಪ್ಪನನ್ನು ಬಿಡಲಿಲ್ಲ. ಸಂತೆಯಲ್ಲಿ ಸಿಕ್ಕ ಬಸಗೊಂಡಪ್ಪನನ್ನು ಕೇಳಿದ.

ಕಾಳವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಎರಡು ವರ್ಷದ ಮಗ ಸಿದ್ದರಾಯನಿಗೆ ಜ್ವರ ಬಂದಾಗ, ಎದೆ ಓಡುತ್ತಿದೆ ಎಂದು ಅವಳು ಬಡಕೊಂಡಳು. ನಾಟಿ ವೈದ್ಯ ನಕ್ಕು ಕಳಿಸಿದ. ಮಧ್ಯಾಹ್ನದೊಳಗೆ ಮಗು ಅವಳ ತೊಡೆಯ ಮೇಲೆಯೇ ಹೋಯಿತು.

ಅಣ್ಣನ ಮನೆಗೆ ಮರಳಿ ಬಂದ ಮೇಲೂ ಆ ಬಡಿತ ಅವಳ ಅಂಗೈಯಲ್ಲೇ ಉಳಿದುಬಿಟ್ಟಿತ್ತು. ರೊಟ್ಟಿ ಬಡಿಯುತ್ತಿದ್ದವಳು ಥಟ್ಟನೆ ನಿಂತು ಕೈ ನೋಡಿಕೊಳ್ಳುವಳು. ಒಳಗಿನಿಂದ ಯಾರೋ ಬಡಿಯುತ್ತಾರೆ ಎನ್ನುವಳು.

ಗುರಲಿಂಗಪ್ಪನೂ ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡಿದ್ದ. ಮರುದಿನ ಅವನೇ ಬಸಗೊಂಡಪ್ಪನ ಮನೆಗೆ ಬಂದ. ನಕ್ಕಿದ್ದು ತಪ್ಪಾಯಿತು ಎಂದ. ಬಾಗಿಲ ಹಿಂದೆ ನಿಂತಿದ್ದ ಕಾಳವ್ವ ಮೆಲ್ಲಗೆ ಹೊರಗೆ ಬಂದಳು.

"ಸಣ್ಣ ಎದಿ ಒಂದ ಬಡಿತಕ್ಕ ಒಂದ ಗುಟುಕ ರಕ್ತ ದೂಡ್ತೈತಿ. ಅದಕ್ಕ ಭಾಳ ಸಲ ಬಡೀಬೇಕ್ರಿ," ಎಂದ.

ದೊಡ್ಡವರದು ನಿಮಿಷಕ್ಕೆ ಎಪ್ಪತ್ತು ಎಂಬತ್ತು. ಈ ವಯಸ್ಸಿನ ಕೂಸಿಗೆ ಎಚ್ಚರವಿದ್ದಾಗ ನೂರರಿಂದ ನೂರಾ ನಲವತ್ತು. ಅತ್ತರೆ, ಜ್ವರ ಬಂದರೆ ಏರುತ್ತದೆ; ನಿದ್ದೆಯಲ್ಲಿ ಇಳಿಯುತ್ತದೆ. ಕಾಳವ್ವನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಗಡಿಯಾರದ ಸೆಕೆಂಡು ಮುಳ್ಳು ಒಂದು ಸುತ್ತು ಬರುವುದರೊಳಗೆ ಇಪ್ಪತ್ತಕ್ಕೊಂದು ಜೋಳದ ಕಾಳು ಇಡಲು ಕಲಿಸಿದ; ಏಳು ಕಾಳು ದಾಟಬಾರದು ಎಂದ. ತನ್ನ ಗಡಿಯಾರವನ್ನೂ ಬಿಟ್ಟುಹೋದ.

ಲೆಕ್ಕ ನೋಡುವ ನೆವದಲ್ಲಿ ವಾರಕ್ಕೊಮ್ಮೆ ಬರತೊಡಗಿದ. ಅವನು ಬರುವ ದಿನ ತಾನೇಕೆ ಬಾಗಿಲು ನೋಡುತ್ತೇನೆ... ಕಾಳವ್ವ ತನ್ನನ್ನೇ ಗದರಿಕೊಂಡಳು.

ಒಂದು ಮಧ್ಯಾಹ್ನ ರುಕ್ಮವ್ವ ಮೈ ಬಿಸಿಯಾಗಿ ಮಲಗಿದ್ದಳು. ಕಾಳವ್ವ ಎಣಿಸಿದಳು. ಒಂಬತ್ತು ಕಾಳು, ಅಂದರೆ ನೂರಾ ಎಂಬತ್ತು. ಮತ್ತೆ ಎಣಿಸಿದಳು. ಒಂಬತ್ತೇ. ಉಸಿರೆಳೆದಾಗಲೆಲ್ಲ ಕೂಸಿನ ಪಕ್ಕೆ ಒಳಗೆ ಹೋಗುತ್ತಿತ್ತು.

ಅತ್ತಿಗೆ, ಮತ್ತೆ ಅದೇ ಭ್ರಮೆ ಎಂದಳು.

ಕಾಳವ್ವನಿಗೂ ದಿಗಿಲಾಯಿತು. ಇದು ರುಕ್ಮವ್ವನ ಎದೆಯೋ... ಸಿದ್ದರಾಯನದೋ? ಆದರೆ ಕಾಳುಗಳು ಕಣ್ಣೆದುರೇ ಇದ್ದವು. ಕೂಸನ್ನೆತ್ತಿಕೊಂಡು ದವಾಖಾನೆಗೆ ಓಡಿದಳು.

"ನಿದ್ದಿಯೊಳಗ ಒಂಬತ್ತ ಕಾಳ್ರಿ. ಎರಡ ಸಲ ಎಣಿಸೇನಿ. ಎಲ್ಲಾರೂ ಭ್ರಮಿ ಅಂತಾರ..."

"ಭ್ರಮಿ ಅಲ್ಲ. ನಿಮ್ಮ ಲೆಕ್ಕ ನಾ ನಂಬ್ತೇನಿ."

ಕೂಸಿನ ಎದೆಗೆ ಕಿವಿ ಹಚ್ಚಿ ನೋಡಿದವನೇ ರಸ್ತೆಯಲ್ಲಿ ಹೊರಟಿದ್ದ ಊರಿನ ಲಾಡಲೇಸಾಬನ ಲಾರಿ ನಿಲ್ಲಿಸಿ ಇಬ್ಬರನ್ನೂ ವಿಜಾಪುರದ ದೊಡ್ಡ ದವಾಖಾನೆಗೆ ಕರೆದೊಯ್ದ. ಪುಪ್ಪುಸಕ್ಕೆ ಕಫ ಕಟ್ಟಿತ್ತು. ಸಮಯಕ್ಕೆ ತಂದಿರಿ ಎಂದರು ಡಾಕ್ಟರರು. ನಾಲ್ಕನೆಯ ದಿನ ಜ್ವರ ಇಳಿಯಿತು.

ಆ ಬೆಳಿಗ್ಗೆ ದವಾಖಾನೆಯ ಪಡಸಾಲೆಯಲ್ಲಿ ಕೂತಾಗ ಕಾಳವ್ವ ಕೇಳಿದಳು.

"ಅವತ್ತ ನನಗ ಎಣಿಸಾಕ ಬರ್ತಿದ್ರ... ನನ್ನ ಸಿದ್ದರಾಯ ಉಳೀತಿದ್ನೇನ್ರಿ?"

ಗುರಲಿಂಗಪ್ಪ ಅವಳತ್ತ ತಿರುಗಿದ.

"ಗೊತ್ತಿಲ್ಲ, ಕಾಳವ್ವ. ಸುಳ್ಳ ಹೇಳಂಗಿಲ್ಲ ನಾ."

ಎಲ್ಲರೂ ಹಣೆಬರಹ ಎಂದಿದ್ದರು, ದೇವರಿಚ್ಛೆ ಎಂದಿದ್ದರು. ಗೊತ್ತಿಲ್ಲ ಎಂದವನು ಇವನೊಬ್ಬನೇ. ಮೂರು ವರ್ಷದಿಂದ ಕಟ್ಟಿಕೊಂಡಿದ್ದ ಅಳು ಹೊರಬಂತು.

"ಆ ಬಡಿತ ಸಾಯೂಮಟಾ ಕೇಳತೈತ್ರಿ ನನಗ."

"ಕೇಳ್ಲಿ. ಅದರ ಸಂಗಾಟನ ನಮ್ಮ ಮನಿಗೆ ಬಾ. ನಿಮ್ಮ ಅಣ್ಣನ ಮುಂದ ಉಡಕಿ ಮಾತ ತಗೀಲೇನು?"

ಉಡಕಿ, ಅಂದರೆ ಗಂಡ ಸತ್ತವಳ ಮರುಮದುವೆ, ಅವರ ಮಂದಿಯಲ್ಲಿ ನಡೆಯುತ್ತಿತ್ತು. ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಮನ್ಯಾಗ ಸಿದ್ದರಾಯನ ಹೆಸರ ಹೇಳಬಹುದೇನ್ರಿ?"

"ದಿನಾ ಹೇಳು. ಅವ ಹೆಂಗ ನಗ್ತಿದ್ದ ಅಂತ ನನಗೂ ಹೇಳು."

"ನಕ್ರ ಬಲಗಲ್ಲದಾಗ ಒಂದ ಗುಳಿ ಬೀಳ್ತಿತ್ರಿ," ಎಂದಳು ಕಾಳವ್ವ.